ಕೊಳಚೆಯ ಗೊಬ್ಬರವೂ ಬಾವಿಯ ನೀರೂ

(ಲಗ್ಗೆರೆಯಲ್ಲಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ಅಂಗಡಿ ಬಾಡಿಗೆಗಳ ಮಾತು ಬಿಟ್ಟು ಇವನು ಕಕ್ಕಸಿನ ಮಾತು ತೆಗೆದನಲ್ಲ ಎಂದು ಕೆಲವರಿಗೆ ನಗು ಬರಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ನಾವು ಹೊರಕ್ಕೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆಂಬುದನ್ನೂ ಒಂದು ಗಳಿಗೆ ಯೋಚಿಸಿರಿ. ಪೀಣ್ಯ, ಲಗ್ಗೆರೆಗಳ ಕಡೆಯ ಕೊಳಚೆ ಸುಮನಹಳ್ಳಿಯ ಕಾಲುವೆ ಹಿಡಿದು ವೃಷಭಾವತಿಗೆ ಸೇರುತ್ತದೆ. ವೃಷಭಾವತಿ ಕೆಂಗೇರಿಯನ್ನು ದಾಟಿ ಬಿಡದಿಯ ಬಳಿಯ ಭೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. 1940ರ ದಶಕದಲ್ಲಿ ರೈತರ ನೀರಾವರಿಗೆಂದು ಕಟ್ಟಿದ ಆ ಕೆರೆಯಲ್ಲಿ ನೊರೆ ಎದ್ದುದನ್ನು ನಾಡೇ ನೋಡಿದೆ.

ಸಂಸ್ಕರಣಾ ಘಟಕ ಕಟ್ಟಿದರೆ ತೀರಿತು ಎಂದು ಹೇಳುವವರಿದ್ದಾರೆ. ತೀರುವುದಿಲ್ಲ. ನೀರು ತಿಳಿಯಾಯಿತೆಂದರೆ ಕೊಳೆ ಮಾಯವಾಯಿತೆಂದಲ್ಲ, ಬಹುಪಾಲು ತಳದಲ್ಲಿ ಕೂತಿತೆಂದು ಅರ್ಥ. ಆ ಹೂಳನ್ನು ಎಲ್ಲಿಗಾದರೂ ಸಾಗಿಸಲೇಬೇಕು. ಒಳಚರಂಡಿಯಿಲ್ಲದ ಬಡಾವಣೆಗಳ ಮಲಗುಂಡಿಗಳಿಂದ ಟ್ಯಾಂಕರುಗಳು ಹೀರಿಕೊಂಡು ಹೋಗುವುದು ಬೇರೆ. ಬೆಂಗಳೂರಿನ ಸುತ್ತಿನ ರೈತರು ಇಂಥದನ್ನು ಹೊಲ ತೋಟಗಳಿಗೆ ಹಾಕಿಸಿಕೊಳ್ಳುವುದುಂಟು. ಅವರನ್ನು ದೂರುವವನು ನಾನಲ್ಲ. ದುಡ್ಡು ಕೊಟ್ಟು ತರುವ ಗೊಬ್ಬರದ ಸಾರಜನಕ, ರಂಜಕ ಇದರಲ್ಲಿಯೂ ಇವೆ. ನಮ್ಮ ಅನ್ನ ಹೊಲದಿಂದ ಬಂದದ್ದು, ಅದರ ಸಾರ ಹೊಲಕ್ಕೆ ಮರಳುವುದು ನ್ಯಾಯವೇ.

ಅನ್ಯಾಯವಿರುವುದು ಬೇರೆ ಕಡೆ. ಲೋಹಲೇಪನದ ಕೆಲಸ ಬಲ್ಲವರು ಈ ಸಭೆಯಲ್ಲಿದ್ದೀರಿ. ಕ್ರೋಮಿಯಂ, ನಿಕ್ಕಲ್ ತೊಟ್ಟಿಯಿಂದ ಎತ್ತಿದ ಸಾಮಾನು ತೊಳೆದ ನೀರು ಯಾವ ಮೋರಿಗೆ ಹೋಗುತ್ತದೆಂಬುದು ಇನ್‌ಸ್ಪೆಕ್ಟರಿಗಿಂತ ಮೊದಲು ನಿಮಗೆ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಮೀರಕೂಡದ ಕ್ರೋಮಿಯಂ ಪೀಣ್ಯದ ಅಂತರ್ಜಲದಲ್ಲಿ ಪತ್ತೆಯಾಗಿದೆ. ಇಂಥ ನೀರು ಮನೆಗಳ ಕೊಳಚೆಗೆ ಕೂಡಿದಾಗ ಲೋಹದ ಹೆಚ್ಚಿನ ಭಾಗ ಹೂಳಿಗೆ ಅಂಟಿಕೊಳ್ಳುತ್ತದೆ. ಅಂದರೆ ನೀರನ್ನು ಚೆನ್ನಾಗಿ ತೊಳೆದಷ್ಟೂ ಗೊಬ್ಬರ ಕೆಡುತ್ತದೆ! ಮಲ ಕಳಿತು ಮಣ್ಣಾಗುತ್ತದೆ. ಲೋಹ ಕಳಿಯುವುದಿಲ್ಲ, ವರ್ಷವರ್ಷವೂ ಪದರದ ಮೇಲೆ ಪದರವಾಗಿ ಸೇರುತ್ತದೆ, ಕ್ಯಾಡ್ಮಿಯಂ ಆದರೆ ಸೊಪ್ಪಿನ ಎಲೆಗೂ ಏರುತ್ತದೆ. ಆ ಸೊಪ್ಪನ್ನು ಬುಟ್ಟಿಯಲ್ಲಿಟ್ಟು ಮಾರುವವರು ನೀವು, ಕೊಂಡು ತಿನ್ನುವವರು ನಾವು.

ಲೋಹವಿಲ್ಲದ ಹೂಳಾದರೂ ಅಳತೆ ತಪ್ಪಿದರೆ ಕೇಡೇ. ಬೆಳೆ ಹೀರಲಾರದ ಸಾರಜನಕ ನೈಟ್ರೇಟಾಗಿ ಮಳೆಯೊಡನೆ ಬಾವಿಗಿಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರು ಹಸುಗೂಸಿಗೆ ಅಪಾಯ. ಹಸಿ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬರಿಗಾಲಿನಲ್ಲಿ ಕಳೆ ಕೀಳುವ ಕೂಲಿ ಹೆಂಗಸಿಗೆ ಅದನ್ನು ಹೇಳಿದವರು ಯಾರು?

ಕಾನೂನೇ ಇಲ್ಲವೇ ಎಂದರೆ, ಪಟ್ಟಣದ ಕಸದಿಂದ ಮಾಡಿ ಮಾರುವ ಕಾಂಪೋಸ್ಟಿಗೆ 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯಡಿ ಮಿತಿಗಳಿವೆ: ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರಕೂಡದು. ಚೀಲಕ್ಕೆ ತಕ್ಕಡಿಯುಂಟು, ರಾತ್ರಿ ಸುರಿದು ಹೋಗುವ ಟ್ಯಾಂಕರಿಗೆ ತಕ್ಕಡಿಯೆಲ್ಲಿ? ಮಲದ ಹೂಳನ್ನು ಹದಮಾಡುವುದು ನಮ್ಮವರಿಗೆ ಬಾರದ ವಿದ್ಯೆಯೇನಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಅದಕ್ಕಾಗಿ ಘಟಕ ಕಟ್ಟಿದರು. ಆದರೆ ಕಾರ್ಖಾನೆಯ ವಿಷವನ್ನು ಕಡೆಯಲ್ಲಿ ತೆಗೆಯುವುದು ಕಷ್ಟ. ಅಮೆರಿಕದವರು 1993ರಲ್ಲಿ ಹೂಳಿನ ಲೋಹಕ್ಕೂ ರೋಗಾಣುವಿಗೂ ಮಿತಿ ಹಾಕಿದರು. ಬಾಣಲೆಯ ಲೇಪ ಮುಂತಾದವುಗಳಿಗೆ ಬಳಸುವ ಫ್ಲೋರಿನ್ ರಾಸಾಯನಿಕಗಳು ಆ ಪಟ್ಟಿಯಲ್ಲಿರಲಿಲ್ಲ. ಅವು ಹೊಲ, ಬಾವಿಗಳಲ್ಲಿ ಕಂಡ ಮೇಲೆ ಮೇನ್ ಸಂಸ್ಥಾನ 2022ರಲ್ಲಿ ಹೂಳು ಹರಡುವುದನ್ನೇ ನಿಷೇಧಿಸಿತು. ಕೆಟ್ಟ ಹೊಲ ಮಾತ್ರ ರೈತನ ಪಾಲಿಗೆ ಉಳಿಯಿತು.

ಆದ್ದರಿಂದ ನಮ್ಮ ಒತ್ತಾಯ ಕಾರ್ಖಾನೆಯ ಬಾಗಿಲಿನಿಂದಲೇ ಶುರುವಾಗಬೇಕು. ಮನೆಯ ಕೊಳಚೆಗೆ ಕೂಡುವ ಮೊದಲೇ ತೊಳೆನೀರಿನ ಪರೀಕ್ಷೆಯಾಗಲಿ. ನಾಲ್ಕು ಜನರಿಟ್ಟುಕೊಂಡ ಸಣ್ಣ ಶೆಡ್ಡಿನವನಿಗೆ ಸ್ವಂತ ಘಟಕ ಕಟ್ಟುವ ಶಕ್ತಿಯಿಲ್ಲ; ಅಂಥವರಿಗೆ ಸರ್ಕಾರ ಸಾಮೂಹಿಕ ಘಟಕ ಒದಗಿಸಲಿ, ದೊಡ್ಡವರು ತಮ್ಮ ಖರ್ಚಿನಲ್ಲಿ ಮಾಡಲಿ. ಮೋರಿಗೆ ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿದ ಕಾರ್ಮಿಕನ ಕೆಲಸಕ್ಕೆ ಕುತ್ತು ಬರದಂತೆ ಯೂನಿಯನ್ನು ನಿಲ್ಲಬೇಕು. ಟ್ಯಾಂಕರು ಎಲ್ಲಿ ತುಂಬಿತು, ಯಾವ ಹೊಲದಲ್ಲಿ ಬರಿದಾಯಿತು ಎಂಬುದು ಪುಸ್ತಕಕ್ಕೇರಲಿ. ಬಾವಿಯ ಮಗ್ಗುಲಲ್ಲಿ, ಮಳೆಯ ದಿನಗಳಲ್ಲಿ, ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಯಲ್ಲಿ ಸುರಿಯಕೂಡದು. ಹೂಳು ಹಾಕಿದ ಊರಿನ ಬಾವಿಗಳನ್ನು ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಹಚ್ಚಲಿ. ಖರ್ಚು ರೈತನದಲ್ಲ, ಹೂಳು ಕಳಿಸಿದ ನಗರದ್ದು.