ಸಿಸ್ಟರಿಗೆ ಸೂತಕವಿಲ್ಲ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರಿನವನು ಮೈಕ್ ಹಿಡಿದರೆ ಕಂಪ್ಯೂಟರು, ಕೆಲಸ, ಸಂಬಳ ಎಂದು ಮಾತಾಡುತ್ತಾನೆ ಅಂತ ನೀವು ಅಂದುಕೊಂಡಿರಬಹುದು. ಅದಕ್ಕೆ ನನಗಿಂತ ತಿಳಿದವರು ಇಲ್ಲಿದ್ದಾರೆ. ನಾನು ಮುಪ್ಪಿನ ಬಗ್ಗೆ, ಕೊನೆಗಾಲದ ಆರೈಕೆಯ ಬಗ್ಗೆ, ಆ ಆರೈಕೆ ಮಾಡುವ ನರ್ಸ್‌ಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಹಬ್ಬದ ದಿನ ಸಾವಿನ ಮಾತು ಯಾಕೆ ಎಂದು ಹಿರಿಯರು ಬೇಸರ ಮಾಡಿಕೊಳ್ಳಬಾರದು. ನಮ್ಮ ಶಾಲೆಗೆ ಐವತ್ತು ತುಂಬಿತು ಎಂದರೆ ಮೊದಲ ಬ್ಯಾಚಿನವರು ಅರವತ್ತು ದಾಟಿದರು ಎಂದೇ ಅರ್ಥ. ಅವರಲ್ಲಿ ಕೆಲವರ ಮನೆಯಲ್ಲಿ ಎಂಬತ್ತೈದು, ತೊಂಬತ್ತರ ತಾಯಂದಿರು ಇನ್ನೂ ಇದ್ದಾರೆ. ಹಾಗಾಗಿ ಇದು ನಮ್ಮ ಮನೆಗಳದೇ ಮಾತು.

2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನ ಅರವತ್ತು ದಾಟಿದವರಿದ್ದರು. ಅದು ಇಡೀ ರಾಜ್ಯದ ಲೆಕ್ಕ. ಹೆತ್ತೂರು, ಯಸಳೂರು, ಹಾನುಬಾಳು ಕಡೆ, ಈಚೆ ಆಲೂರಿನ ಕುಂದೂರು, ಪಾಳ್ಯದ ಕಡೆ ಒಂದು ಸುತ್ತು ಹೋಗಿ ಬನ್ನಿ. ದೊಡ್ಡ ಮನೆ, ಅಂಗಳ, ಕಾಫಿ ಕಣ, ಒಳಗೆ ಇಬ್ಬರೇ ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲಿ, ನಾನೂ ಅವರಲ್ಲೊಬ್ಬ. ತೋಟದ ಲೈನ್ ಮನೆಗಳಲ್ಲೂ ಇದೇ ಕಥೆ. ದುಡಿದು ಬೆನ್ನು ಬಾಗಿದವರು ಒಳಗೆ ಮಲಗಿರುತ್ತಾರೆ, ಮಗ ಸೊಸೆ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿರುತ್ತಾರೆ. ಮಳೆಗಾಲ ಬಂತೆಂದರೆ ಕರೆಂಟಿಲ್ಲ, ಮರ ಬಿದ್ದು ರಸ್ತೆಯಿಲ್ಲ. ಸಂಜೆಯಾದರೆ ಕಾಡಾನೆ ಭಯ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ದಾಟಿದರೆ ಮುಂದೆ ಹಾಸನವೇ, ಸುಮಾರು ನಲವತ್ತು ಕಿಲೋಮೀಟರು. ಇಂಥ ಊರಿನಲ್ಲಿ ವಯಸ್ಸಾದವರು ಹಾಸಿಗೆ ಹಿಡಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಅಜ್ಜಿ ಆಷಾಢದ ಮಳೆಯಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಹಾಸನದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ಶ್ವಾಸಕೋಶಕ್ಕೆ ಸೋಂಕು ತಗುಲಿತು, ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಇನ್ನು ದೊಡ್ಡ ಚೇತರಿಕೆ ಕಷ್ಟ, ಉಸಿರಾಟ ಇನ್ನೂ ಕೆಟ್ಟರೆ ವೆಂಟಿಲೇಟರ್ ಹಾಕಬೇಕಾ ಬೇಡವಾ ಯೋಚಿಸಿ ಎಂದು ಡಾಕ್ಟರು ಸಮಾಧಾನವಾಗಿಯೇ ಹೇಳಿದರು. ನಮ್ಮ ಅಪ್ಪನಿಗೆ ಆ ನಿರ್ಧಾರ ಅಷ್ಟು ಭಾರವಾಗಲಿಲ್ಲ. ಕಾರಣ, ಅಜ್ಜಿ ಗಟ್ಟಿಮುಟ್ಟಾಗಿದ್ದಾಗಲೇ, ಒಲೆಯ ಮುಂದೆ ಕೂತು, “ನನ್ನನ್ನ ಯಂತ್ರಕ್ಕೆ ಕಟ್ಟಬೇಡ್ರಪ್ಪ, ಮನೇಲಿ ಜಗಲಿ ಮೇಲೆ ಹೋಗ್ಲಿ ಜೀವ” ಎಂದು ಹೇಳಿಟ್ಟಿದ್ದರು. ಆ ಒಂದು ಮಾತು ಇಡೀ ಮನೆಯನ್ನು ಜಗಳದಿಂದ ಉಳಿಸಿತು.

ಮನೆಗೆ ಕರೆತರುವ ಹಿಂದಿನ ದಿನ ಆ ವಾರ್ಡಿನ ಸಿಸ್ಟರ್ ನಮ್ಮ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗಂಟೆ ಪಾಠ ಮಾಡಿದರು. ಆಕೆ ನಮ್ಮ ಶಾಲೆಯವರೇ, ನನಗಿಂತ ಎರಡು ವರ್ಷ ಕಿರಿಯರು, ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಜಿಎನ್‌ಎಂ ಮಾಡಿದವರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎರಡು ಮೊಣಕಾಲಿನ ನಡುವೆ ದಿಂಬಿಡಿ. ಹಿಮ್ಮಡಿ ಹಾಸಿಗೆಗೆ ಒತ್ತದಂತೆ ನೋಡಿ. ಏನಾದರೂ ಕುಡಿಸುವಾಗ ತಲೆಯ ಕಡೆ ಎತ್ತರವಿರಲಿ. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸಿ. ಬೇಡ ಎಂದರೆ ಗಂಜಿ ತುರುಕಬೇಡಿ. ಕೊನೆಗಾಲದಲ್ಲಿ ಮೈಯೇ ಹಸಿವನ್ನು ಕಡಿಮೆ ಮಾಡಿಕೊಳ್ಳುತ್ತದೆ, ಬಲವಂತ ಮಾಡಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಕೊನೆಕೊನೆಗೆ ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಹೆದರಬೇಡಿ. ಕಣ್ಣು ಬಿಡದಿದ್ದರೂ ಕಿವಿ ಕೇಳುತ್ತಿರಬಹುದು, ಹತ್ತಿರ ಕೂತು ಮಾತಾಡಿ. ತೋಟ ಪಾಲು ಮಾಡುವ ಮಾತು ಮಾತ್ರ ಅಲ್ಲಿ ಬೇಡ. ಇಷ್ಟೇ ಆಕೆ ಹೇಳಿದ್ದು. ಅಮ್ಮ ಅಡುಗೆಮನೆಯ ಗಡಿಯಾರ ತಂದು ಅಜ್ಜಿಯ ಮಂಚದ ಎದುರು ನೇತುಹಾಕಿದರು. ಅಜ್ಜಿ ಆರು ವಾರ ಬದುಕಿದರು. ತಾವು ಕೇಳಿದ ಜಾಗದಲ್ಲೇ ಹೋದರು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಪ್ಪ ನನ್ನನ್ನು ಕರೆದು, “ಹಾಸನದ ಮೇಲೇ ಹೋಗ್ತೀಯಲ್ಲ, ಆ ಹುಡುಗಿಗೆ ಒಂದು ಮಾತು ಹೇಳಿ ಹೋಗು” ಎಂದರು. ಹೋದೆ. ವಿಷಯ ಕೇಳಿದ ಸಿಸ್ಟರ್ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಅಣ್ಣ, ಬೆನ್ನಲ್ಲಿ ಹುಣ್ಣಾಗಿತ್ತಾ?” ಇಲ್ಲ ಎಂದೆ. ಆಕೆಯ ಕಣ್ಣು ತುಂಬಿತು. “ಎಂಟು ವರ್ಷದಲ್ಲಿ ವಾಪಸ್ ಬಂದು ಹೇಳಿದೋರು ನೀವು ಎರಡನೆಯೋರು” ಎಂದರು. ಆಮೇಲೆ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಇನ್ನೊಂದು ಮಾತು ಹೇಳಿದರು: “ಪೇಷೆಂಟ್ ಹೋದಾಗ ಮನೆಯೋರು ಅಳ್ತಾರೆ. ನಾನು ಅಳೋಕ್ಕಾಗಲ್ಲ ಅಣ್ಣ. ಪಕ್ಕದ ಬೆಡ್ಡಿನೋರು ನನ್ನ ಮುಖಾನೇ ನೋಡ್ತಿರ್ತಾರೆ.”

ನಾನು ಇವತ್ತು ಇಲ್ಲಿ ನಿಂತು ಮಾತಾಡುತ್ತಿರುವುದು ಆ ಮಾತಿಗಾಗಿ.

ವಾರ್ಡಿನಲ್ಲಿ ಒಬ್ಬರು ತೀರಿಕೊಂಡಾಗ ಏನೇನು ಕೆಲಸವಿರುತ್ತದೆ ಎಂದು ಆಕೆಯನ್ನೇ ಕೇಳಿ ತಿಳಿದುಕೊಂಡೆ. ಕೊಳವೆಗಳನ್ನು ತೆಗೆಯಬೇಕು. ಕಣ್ಣು ಮುಚ್ಚಬೇಕು. ಬಾಯಿ ತೆರೆಯದಂತೆ ಗದ್ದಕ್ಕೆ ಬ್ಯಾಂಡೇಜ್ ಕಟ್ಟಬೇಕು. ಮೈ ಒರೆಸಬೇಕು. ಮೂಗುತಿ, ಬಳೆ, ಉಂಗುರ ಲೆಕ್ಕ ಮಾಡಿ ಮನೆಯವರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ಬೆಳಿಗ್ಗೆಯವರೆಗೂ “ಅವ್ವಾ” ಎಂದು ಕರೆದವರಿಗೆ ಈಗ ಚೀಟಿ ಕಟ್ಟಬೇಕು. ರಿಜಿಸ್ಟರಿನಲ್ಲಿ ಸಮಯ ಬರೆಯಬೇಕು. ಹೊದಿಕೆ ಬದಲಾಯಿಸಬೇಕು. ಅಷ್ಟರಲ್ಲಿ ಅದೇ ಮಂಚಕ್ಕೆ ಇನ್ನೊಬ್ಬರು ಬರುತ್ತಾರೆ, ಅವರ ಮುಂದೆ ಸಿಸ್ಟರ್ ನಗುಮುಖದಿಂದ ನಿಲ್ಲಬೇಕು.

ನಮ್ಮ ಮನೆಯಲ್ಲಿ ಸಾವಾದರೆ ಸೂತಕವಿದೆ. ಒಲೆ ಹಚ್ಚುವುದಿಲ್ಲ, ನೆಂಟರು ಅನ್ನ ತರುತ್ತಾರೆ. ಹನ್ನೊಂದು ದಿನ ಯಾರೂ ನಮ್ಮನ್ನು ಕೆಲಸಕ್ಕೆ ಕರೆಯುವುದಿಲ್ಲ. ಬಂದವರೆಲ್ಲ ಸತ್ತವರ ಮಾತನ್ನೇ ಆಡುತ್ತಾರೆ. ಇವೆಲ್ಲ ಮೂಢನಂಬಿಕೆ ಎಂದು ಕಾಲೇಜಿನಲ್ಲಿ ವಾದ ಮಾಡಿದವರಲ್ಲಿ ನಾನೂ ಒಬ್ಬ. ಆದರೆ ದುಃಖಕ್ಕೆ ರಜೆ ಕೊಡಬೇಕು, ಪಕ್ಕದಲ್ಲಿ ಜನ ಇರಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಸಿಸ್ಟರಿಗೆ ಸೂತಕವಿಲ್ಲ. ಹದಿನೈದು ದಿನ ಮೈ ತೊಳೆಸಿದ, ಹೆಸರು ಹಿಡಿದು ಕರೆದ, ಊರುಕೇರಿ ವಿಚಾರಿಸಿದ ಜೀವ ಹೋದರೂ ಆಕೆ ನೆಂಟಳಲ್ಲ. ಸಮಾಜ ಒಪ್ಪದ, ಲೆಕ್ಕಕ್ಕೆ ಹಿಡಿಯದ ಇಂಥ ದುಃಖಕ್ಕೆ ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1980ರ ದಶಕದಲ್ಲೇ ಒಂದು ಹೆಸರು ಕೊಟ್ಟು, ಅಳಲು ಅನುಮತಿ ಸಿಗದ ದುಃಖ ಒಳಗೇ ಉಳಿದು ಮನುಷ್ಯನನ್ನು ಕಾಡುತ್ತದೆ ಎಂದು ಬರೆದರು.

ನನ್ನ ಕೆಲಸದ ಒಂದು ವಿಷಯ ಹೇಳುತ್ತೇನೆ, ನಗಬೇಡಿ. ನಮ್ಮಲ್ಲಿ ರಾತ್ರಿ ಎರಡು ಗಂಟೆಗೆ ಒಂದು ಸರ್ವರ್ ಕೆಟ್ಟು ನಿಂತರೆ, ಮಾರನೆಯ ದಿನ ಎಲ್ಲರೂ ಸೇರಿ ಸಭೆ ಮಾಡುತ್ತೇವೆ. ಏನಾಯಿತು, ಯಾರಿಗೆ ಎಷ್ಟು ಒತ್ತಡವಾಯಿತು, ಮುಂದೆ ಏನು ಮಾಡಬೇಕು ಎಂದು, ಯಾರನ್ನೂ ಬೈಯದೆ, ಮಾತಾಡುತ್ತೇವೆ. ಆ ಸಭೆಗೆ ನಾವು ಇಟ್ಟ ಹೆಸರೇ ‘ಪೋಸ್ಟ್ ಮಾರ್ಟಮ್’. ಒಂದು ಯಂತ್ರ ಕೆಟ್ಟಿದ್ದಕ್ಕೆ ಒಂದು ಗಂಟೆ. ಒಂದು ಜೀವ ಕೈಯಲ್ಲೇ ಹೋದ ನರ್ಸಿಗೆ ಹತ್ತು ನಿಮಿಷ ಕೂತು ಮಾತಾಡಲು ಬಿಡುವಿಲ್ಲ.

ಕೊನೆಗಾಲದ ಆರೈಕೆ ಎನ್ನುವ ಇಂದಿನ ವಿದ್ಯೆಗೆ ದಾರಿ ಹಾಕಿದವರೂ ನರ್ಸ್ ಆಗಿದ್ದವರೇ. ಲಂಡನ್ನಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಡಾಕ್ಟರ್. 1967ರಲ್ಲಿ ಅವರು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಸಾಯುವವರ ನೋವು ಮೈಯದು ಮಾತ್ರವಲ್ಲ, ಮನಸ್ಸಿನದು, ಸಂಬಂಧಗಳದು, ದುಡ್ಡಿನ ಚಿಂತೆಯದು ಎಂದು ತೋರಿಸಿಕೊಟ್ಟರು. ನಮ್ಮ ಬೆಂಗಳೂರಿನ ಕರುಣಾಶ್ರಯ 1999ರಿಂದ, ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಪಕ್ಕದ ಕೇರಳದಲ್ಲಿ 2008ರಲ್ಲಿ ಸರ್ಕಾರವೇ ಇದಕ್ಕೊಂದು ನೀತಿ ತಂದಿತು. ಅಲ್ಲಿ ಪಂಚಾಯಿತಿಯ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಘಟ್ಟ ಇಳಿದು ಸ್ವಲ್ಪ ದೂರ ಹೋದರೆ ಆ ರಾಜ್ಯ. ನಮಗೆ ಆಗದ ಕೆಲಸವೇನಲ್ಲ.

ಇನ್ನೊಬ್ಬ ನರ್ಸಿನ ಹೆಸರನ್ನು ಇಲ್ಲಿ ನೆನೆಯಲೇಬೇಕು. ಹೊನ್ನಾವರದ ಹತ್ತಿರದ ಹಳದೀಪುರದ ಅರುಣಾ ಶಾನಭಾಗ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ನೌಕರನೊಬ್ಬ ನಡೆಸಿದ ಕ್ರೂರ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, ಮತ್ತೆ ಏಳಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ಅರುಣಾರ ಜೊತೆ ಕೆಲಸ ಮಾಡಿದವರು ನಿವೃತ್ತರಾದರು, ಅವರನ್ನು ಎಂದೂ ನಡೆದಾಡಿದ್ದು ಕಾಣದ ಹೊಸ ಹುಡುಗಿಯರು ಬಂದರು, ಆರೈಕೆ ನಿಲ್ಲಲಿಲ್ಲ. ಬೆನ್ನಲ್ಲಿ ಹುಣ್ಣಾಗಲು ಬಿಡಲಿಲ್ಲ. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಈ ನರ್ಸ್‌ಗಳು ಒಪ್ಪಲಿಲ್ಲ. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ ಅವರ ಸೇವೆಯನ್ನು ಮನಸಾರೆ ಹೊಗಳಿ, ಅವರ ಮಾತಿಗೆ ಬೆಲೆ ಕೊಟ್ಟಿತು. ಅರುಣಾ ಹೋದ ದಿನ ಅವರು ಅತ್ತದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ನರ್ಸ್‌ಗಳ ದುಃಖ ಎಲ್ಲರ ಕಣ್ಣಿಗೆ ಬಿದ್ದ ಅಪರೂಪದ ದಿನ ಅದು.

ಅದೇ ತೀರ್ಪಿನಿಂದ ಶುರುವಾದ ಚರ್ಚೆ ಮುಂದುವರಿದು, 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದೂ ನಮ್ಮ ಹಕ್ಕು ಎಂದಿತು. 2023ರಲ್ಲಿ ವಿಧಾನವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಸ್ವಸ್ಥ ಮನಸ್ಸಿನ ವಯಸ್ಕರು ಯಾರೇ ಆಗಲಿ, ವಾಸಿಯಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ತಮಗೆ ಯಾವ ಚಿಕಿತ್ಸೆ ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಪಡೆದು ಇಡಬಹುದು. ಇದು ಚುಚ್ಚುಮದ್ದು ಕೊಟ್ಟು ಸಾಯಿಸುವ ಮಾತಲ್ಲ. ಎರಡು ವೈದ್ಯ ಮಂಡಳಿಗಳು ನೋಡಿ ಒಪ್ಪಿದ ಮೇಲಷ್ಟೇ ಯಂತ್ರದ ಚಿಕಿತ್ಸೆ ನಿಲ್ಲುತ್ತದೆ. ಆಗಲೂ ನೋವು ಕಳೆಯುವ ಆರೈಕೆ ನಿಲ್ಲುವಂತಿಲ್ಲ. ಆ ಆರೈಕೆ ಮತ್ತೆ ನರ್ಸಿನ ಕೈಯಲ್ಲೇ ಇರುತ್ತದೆ.

ಈಗ ನನ್ನ ಬೇಡಿಕೆಗಳು. ಸುವರ್ಣ ಮಹೋತ್ಸವದ ನೆನಪಿಗೆ ಮಹಾದ್ವಾರ ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸೋಣ. ಆದರೆ ಅದನ್ನು ಸ್ವಲ್ಪ ಚಿಕ್ಕದು ಮಾಡಿ, ಉಳಿದ ಹಣದಲ್ಲಿ ತಲೆಭಾಗ ಎತ್ತುವ ನಾಲ್ಕು ಮಂಚ, ನಾಲ್ಕು ಏರ್‌ಬೆಡ್, ಎರಡು ವೀಲ್‌ಚೇರ್, ಕೆಲವು ವಾಕರ್ ಕೊಂಡು ಊರಿನಲ್ಲಿ ಇಡೋಣ. ಬೇಕಾದವರು ಲೈಬ್ರರಿ ಪುಸ್ತಕದಂತೆ ಸಹಿ ಹಾಕಿ ಒಯ್ಯಲಿ, ಕೆಲಸ ಮುಗಿದ ಮೇಲೆ ತೊಳೆದು ತಂದಿಡಲಿ. ನನ್ನ ಪಾಲಿನ ಒಂದು ಮಂಚ ನಾನು ಇವತ್ತೇ ಬರೆಸುತ್ತೇನೆ.

ಎರಡನೆಯದು, ಮೇ 12 ಅಂತರರಾಷ್ಟ್ರೀಯ ದಾದಿಯರ ದಿನ. ಬೇಸಿಗೆ ರಜೆಯಲ್ಲಿ ಎಲ್ಲರೂ ಊರಿಗೆ ಬಂದಿರುತ್ತೇವೆ. ನಮ್ಮ ಶಾಲೆಯಲ್ಲಿ ಓದಿ ನರ್ಸ್ ಆದವರಲ್ಲಿ ಬಿಡುವಿದ್ದ ಇಬ್ಬರನ್ನು ಕರೆದು, ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ಎತ್ತಿ ಕೂರಿಸುವುದು ಹೇಗೆಂದು ಕಲಿಯೋಣ. ಗಂಡುಮಕ್ಕಳು ಮುಂದಿನ ಸಾಲಿನಲ್ಲಿ ಕೂರಬೇಕು. ಈ ಕೆಲಸವನ್ನು ಇಷ್ಟು ವರ್ಷ ತಾಯಂದಿರ, ಸೊಸೆಯರ ತಲೆಗೇ ಕಟ್ಟಿದ್ದೇವೆ.

ಮೂರನೆಯದಕ್ಕೆ ದುಡ್ಡು ಬೇಡ. ಈ ಸಲ ಊರಿಗೆ ಬಂದಾಗ ಅಪ್ಪ ಅಮ್ಮನ ಹತ್ತಿರ ಕೂತು, ಕೊನೆಗಾಲದಲ್ಲಿ ಎಲ್ಲಿರಬೇಕು, ಏನು ಬೇಕು, ಏನು ಬೇಡ ಎಂದು ಕೇಳಿ. ಅಪಶಕುನ ಎನ್ನುತ್ತಾರೆ, ಎದ್ದು ಹೋಗುತ್ತಾರೆ. ಒಂದು ವಾರ ಬಿಟ್ಟು ಅವರೇ ಮಾತು ತೆಗೆಯುತ್ತಾರೆ.

ಕೊನೆಯದು, ನಿಮ್ಮ ಮನೆಯ ಹಿರಿಯರು ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಥವಾ ಆಸ್ಪತ್ರೆಯಿಂದ ಬಂದು ಮನೆಯಲ್ಲಿ ತೀರಿಕೊಂಡರೆ, ಕಾರ್ಯ ಮುಗಿದ ಮೇಲೆ ಆ ವಾರ್ಡಿಗೆ ಒಮ್ಮೆ ಹೋಗಿ. ಸಿಹಿ, ಶಾಲು ಏನೂ ಬೇಡ. “ಇಂಥವರು ಹೀಗೆ ಹೋದರು, ನೀವು ನೋಡಿಕೊಂಡಿದ್ದು ನಮಗೆ ನೆನಪಿದೆ” ಎಂದು ಎರಡು ಮಾತು ಹೇಳಿ. ಆ ಸಿಸ್ಟರಿಗೆ ಹನ್ನೊಂದು ದಿನದ ಸೂತಕ ಕೊಡಲು ನಮ್ಮಿಂದಾಗದು. ಅಳಲು ಎರಡು ನಿಮಿಷ ಕೊಡಬಹುದು.

ನಮ್ಮ ಶಾಲೆಯಿಂದ ಎಂಜಿನಿಯರ್, ಡಾಕ್ಟರ್, ಅಧಿಕಾರಿಗಳಾದವರ ಪಟ್ಟಿ ಈ ಸಂಚಿಕೆಯಲ್ಲಿದೆ. ನರ್ಸ್ ಆದವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಸೇರಿಸಬೇಕೆಂದು ಸಂಪಾದಕ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ.