ಪಿಂಚಣಿ ಗಡಿ ದಾಟುವಾಗ



ಸ್ಪೇನ್ ದೇಶದ ಪೂರ್ವ ಕರಾವಳಿಯಲ್ಲಿ ಟೊರೆವಿಯೆಹಾ ಅಂತ ಒಂದು ಊರು. ಹಿಂದೆ ಅದು ಉಪ್ಪಿನವರ, ಮೀನುಗಾರರ ಊರಾಗಿತ್ತು. ಊರ ಬೆನ್ನಿಗೆ ಗುಲಾಬಿ ಬಣ್ಣದ ನೀರಿನ ದೊಡ್ಡ ಉಪ್ಪುಕೆರೆ ಈಗಲೂ ಇದೆ. ಆದರೆ ಸಮುದ್ರದಂಡೆಯಲ್ಲಿ ಬೆಳಗಿನ ಕಾಫಿ ಹೀರುತ್ತ ಕಾಲು ಚಾಚಿ ಕೂತವರ ಮಾತಿಗೆ ಕಿವಿಗೊಟ್ಟರೆ ಅದು ಉತ್ತರ ಇಂಗ್ಲೆಂಡಿನ ಇಂಗ್ಲಿಷು. ಮ್ಯಾಂಚೆಸ್ಟರ್, ಲೀಡ್ಸ್ ಕಡೆ ದುಡಿದು, ನಿವೃತ್ತರಾಗಿ, ಅಲ್ಲಿಯ ಮನೆ ಮಾರಿ ಇಲ್ಲಿ ಬಂದು ನೆಲೆಸಿದವರು. ಬಿಸಿಲಿಗಾಗಿ ದೇಶ ಬಿಡುತ್ತಾರೆ ಅಂದರೆ ಕೊಡೆ ಹಿಡಿದು ಓಡಾಡುವ ನಮಗೆ ನಗು ಬರಬಹುದು. ವರ್ಷದಲ್ಲಿ ಆರು ತಿಂಗಳು ಬೂದುಬಣ್ಣದ ಆಕಾಶದ ಕೆಳಗೆ ಬದುಕಿದವರಿಗೆ ಅದು ನಗುವ ಮಾತಲ್ಲ.

ಬಿಸಿಲು ಒಂದು ನೆಪ, ಲೆಕ್ಕ ಇನ್ನೊಂದು. ಇಂಗ್ಲೆಂಡಿನ ಮನೆ ಮಾರಿದ ದುಡ್ಡಿನಲ್ಲಿ ಇಲ್ಲೊಂದು ಎರಡು ಕೋಣೆಯ ಮನೆ ಕೊಂಡು, ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು, ಪಿಂಚಣಿಯಲ್ಲಿ ತಿಂಗಳ ಖರ್ಚು ತೂಗಿಸಬಹುದು ಎಂಬ ಲೆಕ್ಕ. ತರಕಾರಿ, ಹಣ್ಣು, ವೈನು ಅಗ್ಗ. ಮಧ್ಯಾಹ್ನ ಹೋಟೆಲಿನಲ್ಲಿ 'ದಿನದ ಊಟ' ಅಂತ ಕೊಡುವುದು ಹೊಟ್ಟೆ ತುಂಬುವಂಥದ್ದು, ಬೆಲೆಯೂ ಕೈಗೆಟಕುವಂಥದ್ದು. ರಜೆಗೆ ಬಂದು ಎರಡು ವಾರ ಇದ್ದು ಹೋದವರು ಈ ಲೆಕ್ಕವನ್ನೇ ಹನ್ನೆರಡು ತಿಂಗಳಿಗೆ ಗುಣಿಸುತ್ತಾರೆ.

ಮೊದಲ ಜನವರಿ ಬರುವವರೆಗೆ ಈ ಗುಣಾಕಾರ ಸರಿಯಾಗಿಯೇ ಇರುತ್ತದೆ. ಆ ಕರಾವಳಿಯ ಮನೆಗಳನ್ನು ಕಟ್ಟಿರುವುದು ಬೇಸಿಗೆಗೆ. ನೆಲಕ್ಕೆ ತಣ್ಣನೆಯ ಟೈಲ್ಸ್, ತೆಳು ಗೋಡೆ. ಮನೆಯಿಡೀ ಬೆಚ್ಚಗಿಡುವ ಏರ್ಪಾಡು ಎಷ್ಟೋ ಮನೆಗಳಲ್ಲಿ ಇಲ್ಲ. ಹೊರಗೆ ಹಿತವಾದ ಬಿಸಿಲು, ಒಳಗೆ ಸ್ವೆಟರು. ಆಗ ಮನೆಗೆ ಬರುವುದು ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರು. ನಮ್ಮ ಅಡುಗೆ ಸಿಲಿಂಡರಿನ ತಮ್ಮನಂತಿರುವ ಅದರಲ್ಲಿ ಹನ್ನೆರಡೂವರೆ ಕಿಲೋ ಬ್ಯುಟೇನ್ ಇರುತ್ತದೆ. ಚಕ್ರ ಹಚ್ಚಿದ ಹೀಟರಿನ ಹೊಟ್ಟೆಯೊಳಗೆ ಅದನ್ನಿಟ್ಟು, ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗಬೇಕು. ಎಪ್ಪತ್ತೈದು ದಾಟಿದವರು ಆ ಸಿಲಿಂಡರನ್ನು ಎರಡನೆಯ ಮಹಡಿಗೆ ಹೊರುವುದು ಹೇಗೆ ಎಂಬ ಪ್ರಶ್ನೆ ಮನೆ ಕೊಳ್ಳುವಾಗ ಯಾರಿಗೂ ಹೊಳೆದಿರುವುದಿಲ್ಲ.

ಚಳಿಗಾಲದ ಉರುವಲಿಗೆಂದು ಬ್ರಿಟಿಷ್ ಸರ್ಕಾರ ತನ್ನ ವೃದ್ಧರಿಗೆ ಒಂದಿಷ್ಟು ಹಣ ಕೊಡುತ್ತಿತ್ತು, ಸ್ಪೇನಿನಲ್ಲಿದ್ದವರಿಗೂ ಬರುತ್ತಿತ್ತು. 2015ರ ಚಳಿಗಾಲದಿಂದ ಅದು ನಿಂತಿತು. ಬೆಚ್ಚನೆಯ ದೇಶದಲ್ಲಿರುವವರಿಗೆ ಉರುವಲೇಕೆ ಎಂಬುದು ಸರ್ಕಾರದ ವಾದ. ದೇಶದೇಶದ ಚಳಿಗಾಲದ ಸರಾಸರಿ ಉಷ್ಣಾಂಶ ತೆಗೆದು ಪಟ್ಟಿ ಮಾಡಿತು. ತಮಾಷೆಯೆಂದರೆ ಫ್ರಾನ್ಸ್ ಕೂಡ ಆ ಪಟ್ಟಿಯಲ್ಲಿ 'ಬೆಚ್ಚನೆಯ ದೇಶ' ಆಗಿಬಿಟ್ಟಿತು. ಕೆರಿಬಿಯನ್ನಿನಲ್ಲಿ, ಹಿಂದೂ ಮಹಾಸಾಗರದಲ್ಲಿ ಫ್ರಾನ್ಸಿಗೆ ಸೇರಿದ ದ್ವೀಪಗಳಿವೆಯಲ್ಲ, ಅವುಗಳ ಬಿಸಿಲನ್ನೂ ಸರಾಸರಿಗೆ ಸೇರಿಸಿದ್ದರು. ಆಲ್ಪ್ಸ್ ಬೆಟ್ಟದ ತಪ್ಪಲಲ್ಲಿ ಹಿಮದ ನಡುವೆ ಕೂತಿದ್ದ ಮುದುಕನಿಗೂ ಹಣ ನಿಂತಿತು.

ಇದಕ್ಕಿಂತ ದೊಡ್ಡ ಪೆಟ್ಟು ನಾಣ್ಯದ್ದು. ಪಿಂಚಣಿ ಬರುವುದು ಪೌಂಡಿನಲ್ಲಿ, ಖರ್ಚಾಗುವುದು ಯೂರೋದಲ್ಲಿ. 2015ರ ಬೇಸಿಗೆಯಲ್ಲಿ ಒಂದು ಪೌಂಡಿಗೆ ಸುಮಾರು 1.40 ಯೂರೋ ಸಿಗುತ್ತಿತ್ತು. 2016ರ ಜೂನ್ 23ರಂದು ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೆಂದು ಮತ ಹಾಕಿತು. ಮುಂದಿನ ವರ್ಷದ ಆಗಸ್ಟ್ ಹೊತ್ತಿಗೆ ಪೌಂಡು 1.10ರ ಮಟ್ಟಕ್ಕೆ ಇಳಿದಿತ್ತು. ತಿಂಗಳಿಗೆ 800 ಪೌಂಡು ಬರುವವರಿಗೆ 1,120 ಯೂರೋ ಇದ್ದದ್ದು 880 ಆಯಿತು. ಸರ್ಕಾರ ಪಿಂಚಣಿಯಲ್ಲಿ ಒಂದು ಪೆನ್ನಿಯನ್ನೂ ಕಡಿಮೆ ಮಾಡಿರಲಿಲ್ಲ, ಟೊರೆವಿಯೆಹಾದ ಅಂಗಡಿಯವನೂ ಅದಕ್ಕಾಗಿ ಬೆಲೆ ಏರಿಸಿರಲಿಲ್ಲ. ನಡುವೆ 240 ಯೂರೋ ಕರಗಿಹೋಯಿತು.

ಇಷ್ಟೆಲ್ಲ ಆದರೂ ಈ ಜನ ಬಹುಪಾಲು ಅಲ್ಲೇ ಉಳಿದರು. ಅವರನ್ನು ಹಿಡಿದಿಟ್ಟಿದ್ದರಲ್ಲಿ ಒಂದು ಕಾಗದದ ಪಾಲು ದೊಡ್ಡದು. ಅದರ ಹೆಸರು ಎಸ್-1.

ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಐರೋಪ್ಯ ಒಕ್ಕೂಟದ ದೇಶದಲ್ಲಿ ನೆಲೆಸಿದರೆ ಈ ಪತ್ರಕ್ಕೆ ಅರ್ಜಿ ಹಾಕಬಹುದು. ಅದನ್ನು ತೆಗೆದುಕೊಂಡು ಹೋಗಿ ಸ್ಪೇನಿನ ಸಾಮಾಜಿಕ ಭದ್ರತೆಯ ಕಚೇರಿಯಲ್ಲಿ ದಾಖಲಿಸಿದರೆ, ಅಲ್ಲಿಯ ನಾಗರಿಕರಿಗೆ ಸಿಗುವ ಸರ್ಕಾರಿ ವೈದ್ಯ, ಆಸ್ಪತ್ರೆ, ಶಸ್ತ್ರಚಿಕಿತ್ಸೆ ಇವರಿಗೂ ಸಿಗುತ್ತದೆ. ಬಿಲ್ಲು ಬ್ರಿಟನ್ನಿಗೆ ಹೋಗುತ್ತದೆ. ಯಾರಿಗೆ ಎಷ್ಟು ಗುಳಿಗೆ ಕೊಟ್ಟೆವು ಅಂತ ಒಂದೊಂದಾಗಿ ಬರೆಯುವುದಿಲ್ಲ. ಪಿಂಚಣಿದಾರರ ಮಟ್ಟಿಗೆ ತಲೆಗಿಷ್ಟು ಎಂಬ ಸರಾಸರಿ ಲೆಕ್ಕದಲ್ಲಿ ಎರಡು ಸರ್ಕಾರಗಳು ಬಾಕಿ ತೀರಿಸಿಕೊಳ್ಳುತ್ತವೆ. ಬ್ರಿಟನ್ನಿಗೆ ಇದು ದಾನಧರ್ಮವಲ್ಲ. ಆ ಮುದುಕರು ಊರಲ್ಲೇ ಇದ್ದಿದ್ದರೆ ಅವರ ಮೊಣಕಾಲು, ಕಣ್ಣು, ಹೃದಯದ ಖರ್ಚು ಹೇಗೂ ತನ್ನ ತಲೆಯ ಮೇಲೇ ಬರುತ್ತಿತ್ತು.

ಈ ಏರ್ಪಾಡು ಕೈಗೆ ಸಿಗುವುದು ಔಷಧಿ ಅಂಗಡಿಯಲ್ಲಿ. ಆರೋಗ್ಯದ ಕಾರ್ಡು ಕೊಟ್ಟರೆ ಅಂಗಡಿಯವಳು ಯಂತ್ರಕ್ಕೆ ತುರುಕಿ ನೋಡುತ್ತಾಳೆ. ವೈದ್ಯರು ಬರೆದದ್ದೆಲ್ಲ ಪರದೆಯ ಮೇಲೆ. ಬಿಪಿಯದ್ದು, ಸಕ್ಕರೆಯದ್ದು, ಕೊಲೆಸ್ಟ್ರಾಲಿನದ್ದು. ಡಬ್ಬಿಗಳನ್ನು ತಂದಿಟ್ಟು, ಒಂದೊಂದು ಡಬ್ಬಿಯ ಬದಿಯಿಂದಲೂ ಸಣ್ಣ ಚೀಟಿಯೊಂದನ್ನು ಬ್ಲೇಡಿನಿಂದ ಕತ್ತರಿಸಿ ಹಾಳೆಗೆ ಅಂಟಿಸಿಕೊಳ್ಳುವುದು ಬಹುಕಾಲದಿಂದ ಬಂದ ಪದ್ಧತಿ. ಸರ್ಕಾರದಿಂದ ಹಣ ವಸೂಲಿಗೆ ಅಂಗಡಿಗೆ ಆ ಚೀಟಿಯೇ ಸಾಕ್ಷಿ. ಹೀಗಾಗಿ ಮನೆಗೆ ತಂದ ಡಬ್ಬಿಗಳಿಗೆಲ್ಲ ಚೌಕನೆಯ ಕಿಟಕಿ. ವರ್ಷಕ್ಕೆ 18,000 ಯೂರೋ ಒಳಗಿನ ಆದಾಯದ ಪಿಂಚಣಿದಾರರು ಔಷಧಿಯ ಬೆಲೆಯಲ್ಲಿ ನೂರಕ್ಕೆ ಹತ್ತು ಕೊಡಬೇಕು, ಅದೂ ತಿಂಗಳಿಗೆ 8 ಯೂರೋ 23 ಸೆಂಟ್ ಮೀರುವಂತಿಲ್ಲ. ಕೇಳಿದ ನಮಗೆ 'ಅಷ್ಟೇನಾ' ಅನ್ನಿಸುತ್ತದೆ. ಇಂಗ್ಲಿಷರು ಮಾತ್ರ ಗೊಣಗುತ್ತಾರೆ, ಏಕೆಂದರೆ ಅವರ ಊರಲ್ಲಿ ಅರವತ್ತು ತುಂಬಿದವರಿಗೆ ವೈದ್ಯರು ಬರೆದ ಔಷಧಿ ಪೂರ್ತಿ ಉಚಿತ.

ಬ್ರಿಟನ್ ಒಕ್ಕೂಟ ಬಿಟ್ಟಮೇಲೂ, ಅಂದರೆ ಬ್ರೆಕ್ಸಿಟ್ ಆದಮೇಲೂ, ಎಸ್-1 ಉಳಿದುಕೊಂಡಿತು. ಹೋಗಿದ್ದು ನೆಲೆಸುವ ಹಕ್ಕು. 2021ರಿಂದ ಹೊಸದಾಗಿ ಬರುವ ಬ್ರಿಟಿಷರು ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಕೆಲಸ ಮಾಡದೆ ನೆಲೆಸುವವರ ವೀಸಾಕ್ಕೆ ಒಬ್ಬರಿಗೆ ತಿಂಗಳಿಗೆ 2,400 ಯೂರೋ ಆದಾಯ ತೋರಿಸಬೇಕು, ಜೊತೆಗೆ ಗಂಡನೋ ಹೆಂಡತಿಯೋ ಇದ್ದರೆ ಇನ್ನೂ 600. ಬ್ರಿಟನ್ನಿನ ಹೊಸ ಪದ್ಧತಿಯ ಪೂರ್ಣ ಸರ್ಕಾರಿ ಪಿಂಚಣಿ 2025-26ರಲ್ಲಿ ವಾರಕ್ಕೆ 230.25 ಪೌಂಡು, ಅಂದರೆ ತಿಂಗಳಿಗೆ ಹತ್ತಿರ ಹತ್ತಿರ ಸಾವಿರ ಪೌಂಡು. ಅದೊಂದನ್ನೇ ನಂಬಿದವರಿಗೆ ಸ್ಪೇನಿನ ಬಾಗಿಲು ಮುಚ್ಚಿದಂತೆಯೇ. ಐವತ್ತೈದಕ್ಕೇ ಕೆಲಸ ಬಿಟ್ಟು ಬರುವವರಿಗೆ ಪಿಂಚಣಿ ಶುರುವಾಗಿರುವುದಿಲ್ಲ, ಹಾಗಾಗಿ ಎಸ್-1 ಕೂಡ ಇಲ್ಲ; ಖಾಸಗಿ ವಿಮೆ ಮಾಡಿಸಬೇಕು. ಒಂದು ವರ್ಷ ನೆಲೆಸಿದ ಮೇಲೆ ದುಡ್ಡು ಕೊಟ್ಟು ಸರ್ಕಾರಿ ವ್ಯವಸ್ಥೆಗೆ ಸೇರುವ ದಾರಿಯೊಂದಿದೆ: 65ರೊಳಗಿನವರಿಗೆ ತಿಂಗಳಿಗೆ 60 ಯೂರೋ, ದಾಟಿದವರಿಗೆ 157. ಔಷಧಿಯ ರಿಯಾಯಿತಿ ಅದರಲ್ಲಿ ಸೇರಿಲ್ಲ.

ಸ್ಪೇನಿಗೆ ಹೋದವರು ಇನ್ನೊಂದು ಲಾಭ ಪಡೆದರು, ಎಷ್ಟೋ ಮಂದಿಗೆ ಅದು ಗೊತ್ತೂ ಇರಲಿಕ್ಕಿಲ್ಲ. ಅವರ ಪಿಂಚಣಿ ವರ್ಷವರ್ಷ ಏರುತ್ತದೆ. ಬ್ರಿಟನ್ನಿನಲ್ಲಿ ಬೆಲೆಯೇರಿಕೆ, ಸಂಬಳದ ಏರಿಕೆ, ಅಥವಾ ನೂರಕ್ಕೆ ಎರಡೂವರೆ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಪಿಂಚಣಿ ಏರಿಸುವ ಪದ್ಧತಿ 2011ರಿಂದ ಇದೆ. ಈ ಏರಿಕೆ ಯುರೋಪಿನಲ್ಲಿ ನೆಲೆಸಿದವರಿಗೂ ಸಿಗುತ್ತದೆ, ಅಮೆರಿಕದಲ್ಲಿದ್ದವರಿಗೂ ಸಿಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾದಲ್ಲಿದ್ದವರಿಗೆ ಸಿಗುವುದಿಲ್ಲ. ನಯಾಗರಾ ಜಲಪಾತದ ಅಮೆರಿಕದ ದಂಡೆಯಲ್ಲಿ ಮನೆ ಮಾಡಿದ ಬ್ರಿಟಿಷ್ ಅಜ್ಜಿಗೆ ಪಿಂಚಣಿ ಏರುತ್ತದೆ. ನದಿಯಾಚೆ ಕೆನಡಾದ ದಂಡೆಯಲ್ಲಿರುವ ಅಜ್ಜಿಗೆ ಮೊದಲ ದಿನ ಎಷ್ಟಿತ್ತೋ ಸಾಯುವತನಕ ಅಷ್ಟೇ. ಹೀಗೆ ಹೆಪ್ಪುಗಟ್ಟಿದ ಪಿಂಚಣಿಯವರು ನಾಲ್ಕು ಲಕ್ಷಕ್ಕೂ ಹೆಚ್ಚು.

ಆನೆಟ್ ಕಾರ್ಸನ್ ಎಂಬಾಕೆ ಇದನ್ನು ಪ್ರಶ್ನಿಸಿದರು. 1989ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದಲೂ ಹತ್ತು ವರ್ಷ ಸ್ವಂತ ಇಚ್ಛೆಯಿಂದ ವಂತಿಗೆ ಕಟ್ಟಿದವರು. 2000ದಲ್ಲಿ ಅವರ ಮೂಲ ಪಿಂಚಣಿ ವಾರಕ್ಕೆ 67.50 ಪೌಂಡಿಗೆ ಶುರುವಾಯಿತು. ಬ್ರಿಟನ್ನಿನ ಕೋರ್ಟುಗಳಲ್ಲಿ ಸೋತು, ಇನ್ನೂ ಹನ್ನೆರಡು ಮಂದಿಯೊಡನೆ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2010ರ ಮಾರ್ಚ್‌ನಲ್ಲಿ ಹನ್ನೊಂದು ನ್ಯಾಯಾಧೀಶರು ಅವರ ವಿರುದ್ಧ, ಆರು ಮಂದಿ ಪರ. ಅಷ್ಟರಲ್ಲಿ ಇಂಗ್ಲೆಂಡಿನಲ್ಲೇ ಉಳಿದವರ ಅದೇ ಮೂಲ ಪಿಂಚಣಿ 95.25 ಆಗಿತ್ತು, ಅವರದು 67.50ರಲ್ಲೇ ನಿಂತಿತ್ತು. ಕಟ್ಟಿದ ವಂತಿಗೆ ನಿಮ್ಮ ಹೆಸರಿನ ಉಳಿತಾಯವಲ್ಲ, ಹೊರದೇಶದಲ್ಲಿರುವವರ ಸ್ಥಿತಿಗೂ ಒಳಗಿರುವವರ ಸ್ಥಿತಿಗೂ ಹೋಲಿಕೆ ಸಲ್ಲದು ಎಂಬುದು ತೀರ್ಪಿನ ಸಾರ. ಕಾನೂನಿನ ಮಟ್ಟಿಗೆ ಸರಿಯಿರಬಹುದು. ನ್ಯಾಯವೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ.

ಇಷ್ಟು ಹೊತ್ತು ಯಾರದೋ ದೇಶದ ಕಥೆ ಹೇಳಿದೆನೆಂದು ನಿಮಗನ್ನಿಸಿದರೆ, ಕೇಳಿ: ಆ ಹೆಪ್ಪುಗಟ್ಟಿದ ಪಿಂಚಣಿಯ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಓದಿ, ಅರವತ್ತು ಎಪ್ಪತ್ತರ ದಶಕಗಳಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ಮೂವತ್ತೈದು ವರ್ಷ ದುಡಿದ ಕನ್ನಡದ ವೈದ್ಯರಿದ್ದಾರೆ. ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರಿಗೆ ಕಾಗದದ ಪ್ರಕಾರ ಮೈಸೂರೇ ವಿದೇಶ. ಅಂಥವರೊಬ್ಬರು 2010ರಲ್ಲಿ ಮೈಸೂರಿಗೆ ಮರಳಿದರು ಎಂದಿಟ್ಟುಕೊಳ್ಳಿ. ಆಗಿನ ಹಳೆಯ ಪದ್ಧತಿಯ ಪೂರ್ಣ ಮೂಲ ಪಿಂಚಣಿ ವಾರಕ್ಕೆ 97.65 ಪೌಂಡು. ಅಲ್ಲೇ ಉಳಿದ ಗೆಳೆಯರಿಗೆ 2025-26ರಲ್ಲಿ 176.45, ಇವರಿಗೆ ಅದೇ 97.65. ಆಸ್ಪತ್ರೆಯ ನೌಕರಿಯ ಪಿಂಚಣಿ ಬೇರೆ, ಅದು ಎಲ್ಲಿದ್ದರೂ ಏರುತ್ತದೆ. ನಿಂತಿದ್ದು ಸರ್ಕಾರಿ ಪಿಂಚಣಿ ಮಾತ್ರ. ಆದರೂ ಡಾಕ್ಟರಿಗೆ ಅಷ್ಟಾಗಿ ನೋವಾಗದಿರುವುದಕ್ಕೆ ಕಾರಣ ನಮ್ಮ ರೂಪಾಯಿ. 2010ರಲ್ಲಿ ಪೌಂಡಿಗೆ 70ರ ಆಸುಪಾಸಿದ್ದದ್ದು ಈಗ 110 ದಾಟಿದೆ. ವಾರಕ್ಕೆ 6,800 ರೂಪಾಯಿ ಬರುತ್ತಿದ್ದದ್ದು 10,700 ದಾಟಿ ಕಾಣುತ್ತದೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ಪಿಂಚಣಿಯ ಏರಿಕೆಯಲ್ಲ, ರೂಪಾಯಿಯ ಇಳಿತ.

ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಈ ಮುಸುಕು ಇಲ್ಲ. ಭಾರತಕ್ಕೆ ಎಸ್-1 ಇಲ್ಲ. ಟೊರೆವಿಯೆಹಾದಿಂದ ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋದ, 2021ಕ್ಕೆ ಮೊದಲೇ ಸ್ಪೇನಿನಲ್ಲಿ ನೆಲೆಸಿದ್ದ, ಎಸ್-1 ಉಳ್ಳ ನಿವೃತ್ತನಿಗೆ ಅಲ್ಲಿಯ ಸರ್ಕಾರಿ ಆಸ್ಪತ್ರೆ ಉಚಿತ. ಮೈಸೂರಿನಿಂದ ಹೋದ ನಮ್ಮ ಡಾಕ್ಟರು, ತಾವೇ ಮೂವತ್ತು ವರ್ಷ ದುಡಿದ ಆಸ್ಪತ್ರೆಗೆ ದಾಖಲಾದರೆ ಹೊರದೇಶದವರ ದರ, ಅಂದರೆ ನಿಗದಿಯಾದ ದರದ ಒಂದೂವರೆ ಪಟ್ಟು. ಅದೇ ಹೊತ್ತಿಗೆ, ಅಲ್ಲಿದ್ದಷ್ಟು ವಾರಗಳಿಗೆ ಪಿಂಚಣಿಯನ್ನು ಹೊಸ ದರದಲ್ಲಿ ಕೇಳಿ ಪಡೆಯಬಹುದು! ಇತ್ತ ಇಲ್ಲಿ ಹೊಸದಾಗಿ ಆರೋಗ್ಯ ವಿಮೆ ಮಾಡಿಸಿದರೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸುವ ಅವಕಾಶ ಕಂಪನಿಗಿದೆ. ಎಪ್ಪತ್ತರ ವಯಸ್ಸಿನಲ್ಲಿ ಮೊದಲೇ ಇಲ್ಲದ ಕಾಯಿಲೆ ಯಾವುದು? ಮರಳಬೇಕೆಂದಿರುವವರು ಹೊರಡುವ ಮೊದಲೇ ಕೂತು ಲೆಕ್ಕ ಹಾಕಬೇಕಾದ ಮೂರು ವರ್ಷಗಳು ಇವು.

ಇನ್ನೊಂದೇ ಮಾತು. ಸ್ಪೇನಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಚೆನ್ನಾಗಿರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹಾಸಿಗೆಯ ಮಗ್ಗುಲಲ್ಲಿ ಹಿಂದಕ್ಕೆ ಒರಗುವ ಒಂದು ಕುರ್ಚಿ ಇರುತ್ತದೆ. ಅದು ಮನೆಯವರಿಗೆ. ಊಟ ಮಾಡಿಸುವುದು, ಮೈ ಒರೆಸುವುದು, ರಾತ್ರಿ ಜೊತೆಗಿರುವುದು ಇವೆಲ್ಲ ಬಹುಮಟ್ಟಿಗೆ ಮನೆಯವರ ಕೆಲಸ ಎಂದೇ ಅಲ್ಲಿಯ ರೂಢಿ. ಮನೆಗೆ ಬಂದಮೇಲೆ ನೋಡಿಕೊಳ್ಳುವವರ ಖರ್ಚು ಎಸ್-1ಕ್ಕೆ ಸೇರಿಲ್ಲ. ಪರಾವಲಂಬಿಗಳಾದ ವೃದ್ಧರಿಗಾಗಿ ಸ್ಪೇನ್ 2006ರಲ್ಲಿ ಮಾಡಿದ ಕಾಯಿದೆಯ ನೆರವು ಬೇಕಾದರೆ ಆ ದೇಶದಲ್ಲಿ ಐದು ವರ್ಷ ನೆಲೆಸಿರಬೇಕು. ಗಂಡ ಹೆಂಡತಿ ಇಬ್ಬರೂ ಇರುವವರೆಗೆ ಆ ಕುರ್ಚಿಯಲ್ಲಿ ಕೂರಲು ಒಬ್ಬರಿರುತ್ತಾರೆ. ಆಮೇಲೆ ಎಷ್ಟೋ ಮಂದಿ ಸಮುದ್ರ ಕಾಣುವ ಮನೆಯನ್ನು ಮಾರಾಟಕ್ಕಿಟ್ಟು ಇಂಗ್ಲೆಂಡಿಗೆ ವಿಮಾನ ಹತ್ತುತ್ತಾರೆ.

ನಮ್ಮ ಆಸ್ಪತ್ರೆಗಳಲ್ಲೂ ನರ್ಸಮ್ಮ ಬಾಗಿಲಿಗೆ ಬಂದು ಮೊದಲು ಕೇಳುವುದು ಅದನ್ನೇ ಅಲ್ಲವೇ: "ಪೇಶೆಂಟ್ ಕಡೆಯವರು ಯಾರಿದ್ದೀರಿ?" ಮೈಸೂರಿಗೆ ಮರಳಿದ ಡಾಕ್ಟರ ಕಡೆಯವರು ಲೀಡ್ಸ್‌ನಲ್ಲಿದ್ದಾರೆ. ಅಲ್ಲಿ ಈಗ ಮಧ್ಯರಾತ್ರಿ.