ಜಾಹೀರಾತಿಗೂ ಮೊದಲು ಪೇಟೆ ನೋಡೋಣ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ನಮ್ಮೂರಿಗೂ ಬಂದು 25 ವರ್ಷವಾಯಿತು. ಸಂತೋಷದ ದಿನ. ನಾವು ಎಸ್.ಎಸ್.ಎಲ್.ಸಿ. ತನಕ ಕಲಿತ ಒಕ್ಕಲುತನದವರು, ದೊಡ್ಡ ಭಾಷಣ ಬರೂದಿಲ್ಲ. ನಾವು ಮಾಡಿದ ಒಂದು ತಪ್ಪನ್ನೂ ಅದರಿಂದ ಕಲಿತದ್ದನ್ನೂ ಹೇಳುತ್ತೇವೆ.

ಖಾನಾಪುರ ತಾಲೂಕು ಅಂದರೆ ಮಳೆ ಮತ್ತು ಭತ್ತ. ಸದಸ್ಯರ ಭತ್ತವನ್ನು ಸಂಘವೇ ಕೊಂಡು, ಗಿರಣಿಗೆ ಹಾಕಿಸಿ, ಬೆಳಗಾವಿಯಲ್ಲಿ ಅಕ್ಕಿ ಮಾರಲು ಹೊರಟೆವು. ಮೊದಲ ವರ್ಷ ಕರಪತ್ರ ಅಚ್ಚು ಹಾಕಿಸಿ ಬಸ್ ಸ್ಟ್ಯಾಂಡಿನಲ್ಲಿ ಹಂಚಿದೆವು. ರೊಕ್ಕ ಹೋಯಿತು, ಅಕ್ಕಿ ಗೋದಾಮಿನಲ್ಲೇ ಉಳಿದು ನುಸಿ ಹಿಡಿಯಿತು. ಮರುವರ್ಷ ರಿಕ್ಷಾಕ್ಕೆ ಸ್ಪೀಕರ್ ಕಟ್ಟಿ ಕೂಗಿಸೋಣ ಎಂದವರೂ ನಾವೇ. ಆಗ ಸಭೆಯಲ್ಲಿ ಅಕ್ಕನವರೊಬ್ಬರು ಎದ್ದು ಕೇಳಿದರು:

"ಎತ್ತು ಕೊಳ್ಳಾಕ ಹೋದ್ರ ಹಲ್ಲು ನೋಡ್ತೀರಿ, ನಡಗಿ ನೋಡ್ತೀರಿ. ಪ್ಯಾಟ್ಯಾಗ ಯಾರ ಅಕ್ಕಿ ಹೋಗತೈತಿ, ಯಾಕ ಹೋಗತೈತಿ, ನೋಡಿ ಬಂದೀರೇನ್ರಿ? ಅದು ನಮ್ಮ ಶೇರಿನ ರೊಕ್ಕ."

ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಮೊದಲು ನಮ್ಮ ದಫ್ತರವನ್ನೇ ತೆಗೆದು ನೋಡಿದೆವು. ಒಮ್ಮೆ ಅಕ್ಕಿ ಒಯ್ದ ಅಂಗಡಿಯವರು ಎರಡನೇ ಸಲ ಬಂದೇ ಇರಲಿಲ್ಲ! ಆಮೇಲೆ ಮೂವರು ನಿರ್ದೇಶಕರು ನೋಟಬುಕ್ ಹಿಡಿದು ಬೆಳಗಾವಿಗೆ ಹೋದೆವು. ರವಿವಾರ ಪೇಟೆಯ ಸಗಟು ಅಂಗಡಿ, ಶಹಾಪುರ, ಟಿಳಕವಾಡಿಯ ಕಿರಾಣಿ ಅಂಗಡಿ ತಿರುಗಿದೆವು. ಒಂದೊಂದು ಅಕ್ಕಿಗೆ ಒಂದೊಂದು ಪುಟ: ಯಾರದು, ದರ ಎಷ್ಟು, ಚೀಲ ಎಷ್ಟು ಕಿಲೋದ್ದು, ಹಳೇದೋ ಹೊಸದೋ, ಉದ್ರಿ ಎಷ್ಟು ದಿನ, ಗಿರಾಕಿ ಏನಂತಾರೆ. ಒಂದೊಂದು ಕಿಲೋ ಕೊಂಡು ತಂದು, ನಮ್ಮ ಅಕ್ಕಿಯ ಜೊತೆ ಬೇರೆ ಬೇರೆ ಬೋಗುಣಿಯಲ್ಲಿ ಅನ್ನ ಮಾಡಿಸಿ, ಹೆಸರು ಹೇಳದೆ ಬಡಿಸಿದೆವು.

ಅಂಗಡಿಯವರೊಬ್ಬರು ನೇರವಾಗಿ ಹೇಳಿದರು: "ನಿಮ್ಮ ಇಂದ್ರಾಯಣಿ ವಾಸನಿ ಛಲೋ ಐತ್ರಿ. ಆದ್ರ ನುಚ್ಚು ಭಾಳ, ಹರಳೂ ಸಿಗತಾವ. 25 ಕಿಲೋ ಚೀಲ ಬಾಡಿಗಿ ಮನ್ಯಾಗಿನವ್ರು ಯಾರು ಒಯ್ತಾರ್ರಿ?" ಗಿರಾಕಿ ತಾಯಿಯೊಬ್ಬರು, "ಹೊಸ ಅಕ್ಕಿ ಅಂತ ಚೀಲದ ಮ್ಯಾಲ ಬರದಿದ್ರ ನೀರು ಕಡಿಮಿ ಹಾಕತಿದ್ದೆ, ಅನ್ನ ಮುದ್ದಿ ಆತು" ಅಂದರು.

ದೋಷ ಚೀಲದೊಳಗೆ ಇತ್ತು. ರಿಕ್ಷಾ ಕೂಗಿಸಿದ್ದರೆ ನಮ್ಮ ಹರಳಿನ ಸುದ್ದಿಯನ್ನು ನಾವೇ ಊರಿಗೆಲ್ಲ ಸಾರಿದಂತೆ ಆಗುತ್ತಿತ್ತು.

ದೊಡ್ಡವರೂ ಹೀಗೇ ಕಲಿತವರು. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ತ್ರಿಭುವನದಾಸ ಪಟೇಲರ ಮುಂದಾಳತ್ವದಲ್ಲಿ ಹಾಲಿನ ಸಂಘ ಕಟ್ಟಿದರು. ಅದೇ ಇಂದಿನ ಅಮುಲ್. ಆಗ ಬೆಣ್ಣೆ ಅಂದರೆ ಪೋಲ್ಸನ್. ಅಮುಲ್ ಬೆಣ್ಣೆ ತಾಜಾ ಕೆನೆಯದಾದರೂ ಗಿರಾಕಿಗೆ ಸಪ್ಪೆ ಅನಿಸಿತು. ಪೋಲ್ಸನ್ನಿನ ಉಪ್ಪಿಗೆ, ಹಳದಿ ಬಣ್ಣಕ್ಕೆ ಜನ ಒಗ್ಗಿದ್ದರು. ಡಾ. ಕುರಿಯನ್ ಅವರ ಸಂಘ ಇದನ್ನು ತಿಳಿದು ಉಪ್ಪು, ಬಣ್ಣ ಹೊಂದಿಸಿತು. ಹೆಸರಾದ ಅಮುಲ್ ಹುಡುಗಿಯ ಜಾಹೀರಾತು ಬಂದದ್ದು ಆಮೇಲೆ, 1966ರಲ್ಲಿ.

ನಾವೂ ಮೊದಲು ಅಕ್ಕಿ ಹಸನು ಮಾಡಿಸಿದೆವು, 5 ಕಿಲೋ ಚೀಲ ಮಾಡಿಸಿದೆವು, ಹೊಸದು ಹಳೇದು ಅಂತ ಅಚ್ಚು ಹಾಕಿಸಿದೆವು. ನಾವು ನೋಡಿದ ಯಾವ ಚೀಲದ ಮೇಲೂ ಬೆಳೆದ ಊರಿನ ಹೆಸರಿರಲಿಲ್ಲ, ನಾವು ಬರೆಸಿದೆವು. ಗಿರಾಕಿಗಳು ಎರಡೂ ಭಾಷೆಯವರಾದ್ದರಿಂದ ಅಂಗಡಿಗೆ ಕನ್ನಡ, ಮರಾಠಿ ಎರಡರಲ್ಲೂ ಸಣ್ಣ ಬೋರ್ಡು ಕೊಟ್ಟೆವು. ಜಾಹೀರಾತು ಅಷ್ಟೇ.

ಎಲ್ಲ ಗೆದ್ದೆವು ಅನ್ನುವುದಿಲ್ಲ. ಉದ್ರಿ ಕೊಡುವ ದೊಡ್ಡ ವ್ಯಾಪಾರಿಗಳ ಮುಂದೆ ಇನ್ನೂ ಸೋಲುತ್ತೇವೆ. ಆದರೆ ಈ ಸಲ ಗೋದಾಮು ಖಾಲಿಯಾಯಿತು, ಹಳೇ ಅಂಗಡಿಯವರು ಮತ್ತೆ ಬಂದರು.

ಆ ನೋಟಬುಕ್ ಸಂಘದ ಕಚೇರಿಯಲ್ಲಿದೆ. ನಾಳೆ ಗೋಡಂಬಿಯೋ ಬೆಲ್ಲವೋ ಮಾರಲು ಹೊರಡುವ ನಮ್ಮ ಹುಡುಗರು ಮೊದಲು ಅಂಥದೊಂದು ನೋಟಬುಕ್ ತುಂಬಿಸಲಿ. ಅಂದು ಎದ್ದು ಕೇಳಿದ ಅಕ್ಕನವರಿಗೆ ಶರಣು.

ಸಹಕಾರಂ ಗೆಲ್ಗೆ! ಜೈ ಹಿಂದ್, ಜೈ ಕರ್ನಾಟಕ.